ಭೂಶಿರದ ಕತ್ತಿಗೊಂದು ಕಂದಕ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರು ಭಾರತಕ್ಕೆ ಬರುವ ಮುನ್ನ, 1938 ಮತ್ತು 1939ರಲ್ಲಿ, ಉತ್ತರ ಫ್ರಾನ್ಸಿನ ಕಬ್ಬಿಣಯುಗದ ಕೋಟೆಗಳನ್ನು ಸಮೀಕ್ಷೆ ಮಾಡಿದ್ದರೆಂದು ತಿಳಿದಂದಿನಿಂದ ನನ್ನನ್ನು ಅಟ್ಲಾಂಟಿಕ್ ಕರಾವಳಿಯ ಭೂಶಿರ ಕೋಟೆಗಳು ಹಿಡಿದುಕೊಂಡಿವೆ.

ಕಡಲಿಗೆ ಚಾಚಿದ ಭೂಶಿರಕ್ಕೆ ಮೂರು ಕಡೆಯೂ ಕಡಿದಾದ ಬಂಡೆಯೇ ಗೋಡೆ. ಅದನ್ನು ನಾಡಿಗೆ ಸೇರಿಸುವ ಕಿರಿದಾದ ಕತ್ತನ್ನು ಕಾಯ್ದುಕೊಂಡರೆ ಸಾಕು. ಆ ಕತ್ತಿಗೆ ಅಡ್ಡಲಾಗಿ ಕಂದಕ ತೋಡಿ, ಅಗೆದ ಮಣ್ಣನ್ನೂ ಕಲ್ಲನ್ನೂ ಒಳಬದಿಗೆ ಏರಿಯಾಗಿ ಒಟ್ಟುತ್ತಿದ್ದರು. ಕಂದಕ ಆಳವಾದಷ್ಟೂ ಏರಿ ಎತ್ತರವಾಗುವುದರಿಂದ, ಕೆಳಗಿಳಿದ ದಾಳಿಕಾರನು ಎರಡನ್ನೂ ಒಟ್ಟಿಗೆ ಹತ್ತಬೇಕಾಗುತ್ತಿತ್ತು.

ವಾಯವ್ಯ ಫ್ರಾನ್ಸಿನ ಬ್ರಿಟನಿಯ ವೆನೆಟಿ ಜನರ ಇಂಥ ನೆಲೆಗಳನ್ನು ಕ್ರಿ.ಪೂ. 56ರಲ್ಲಿ ಎದುರಿಸಿದ ಜೂಲಿಯಸ್ ಸೀಸರ್ ತನ್ನ ಕಷ್ಟವನ್ನು ತಾನೇ ಬರೆದಿಟ್ಟಿದ್ದಾನೆ. ಉಬ್ಬರದಲ್ಲಿ ಕಾಲ್ನಡಿಗೆಯ ದಾರಿ ಮುಚ್ಚಿಹೋಗುತ್ತಿತ್ತು, ಇಳಿತದಲ್ಲಿ ಹಡಗುಗಳು ನೆಲ ಕಚ್ಚುತ್ತಿದ್ದವು. ರೋಮನ್ನರು ಭಾರಿ ಒಡ್ಡು ಕಟ್ಟಿ ಕಡಲನ್ನು ತಡೆದು ಕೋಟೆಯ ಮಟ್ಟಕ್ಕೆ ಏರುವ ಹೊತ್ತಿಗೆ, ವೆನೆಟಿಗಳು ತಮ್ಮ ಸರ್ವಸ್ವವನ್ನೂ ಹಡಗುಗಳಿಗೆ ತುಂಬಿಕೊಂಡು ಪಕ್ಕದ ಕೋಟೆಗೆ ಹೋಗಿಬಿಡುತ್ತಿದ್ದರು.

ಸಾಲುಸಾಲಾಗಿ ಏರಿಗಳನ್ನು ಕಟ್ಟಿದ್ದು ಕವಣೆಗಾರರನ್ನು ದೂರದಲ್ಲೇ ತಡೆಯುವುದಕ್ಕೆಂದು ವೀಲರ್ ವಾದಿಸಿದರು. ವಾದ ಬಲವಾದದ್ದೇ, ಆದರೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಟ್ರೆವೆಲ್ಗಿ ಭೂಶಿರ ಕೋಟೆಯಲ್ಲಿರುವ ಏಳು ಏರಿಗಳಿಗೆಲ್ಲ ಕವಣೆಯೊಂದೇ ಕಾರಣವೆಂದು ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಅಷ್ಟೊಂದು ಆಳುಗಳನ್ನು ಕೂಡಿಸಬಲ್ಲೆವೆಂದು ನೆರೆಹೊರೆಯವರಿಗೆ ತೋರಿಸುವ ಹೆಮ್ಮೆಯೂ ಅದರಲ್ಲಿ ಸೇರಿರಬೇಕು.

ಐರ್ಲೆಂಡಿನ ಕೆರ್ರಿ ಕೌಂಟಿಯ ಡನ್‌ಬೆಗ್ ಕೋಟೆಯ ಕತ್ತಿಗೆ ನಾಲ್ಕು ಏರಿಗಳೂ ಐದು ಕಂದಕಗಳೂ ಇವೆ. ಅವುಗಳ ಹಿಂದೆ ದಪ್ಪನೆಯ ಕಲ್ಲಿನ ಗೋಡೆ. ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಆ ಗೋಡೆಯ ಕಡೆಗೆ. ಆದರೆ 1977ರಲ್ಲಿ ಅಲ್ಲಿ ಅಗೆದಾಗ ಗೋಡೆಯ ಅಡಿಯಲ್ಲೇ ಹಳೆಯ ಕಂದಕವೊಂದು ಸಿಕ್ಕಿತು; ಅದರ ಇಂಗಾಲದ ಕಾಲಮಾಪನ ಸುಮಾರು ಕ್ರಿ.ಪೂ. 580ಕ್ಕೆ ಬಂತು. ಅಂದರೆ ಗೋಡೆ ಏಳುವುದಕ್ಕೂ ಮೊದಲೇ ಅಲ್ಲಿಯ ಜನ ಗುದ್ದಲಿ ಹಿಡಿದು ಕತ್ತನ್ನು ಕಡಿದಿದ್ದರು. 2014ರ ಆರಂಭದ ಬಿರುಗಾಳಿಯಲ್ಲಿ ಬಾಗಿಲ ಕಡೆಯ ಭಾಗ ಕುಸಿದು ಕಡಲಿಗೆ ಬಿದ್ದ ಸುದ್ದಿ ಓದಿ ಬಹಳ ನೊಂದೆ. ಕಲ್ಲು ಮತ್ತೆ ಬಾರದು. 1977ರ ಅಳತೆಗಳೂ ನಕ್ಷೆಗಳೂ ಇವೆಯೆಂಬುದೇ ನನಗಿರುವ ಸಮಾಧಾನ.