ಬಾನೆಟ್ ಎತ್ತಿದ ಮೇಲೆ ಶುರುವಾಗುವ ಮಾತು

ಹಳೇ ಕಾರುಗಳ ಪ್ರದರ್ಶನಕ್ಕೆ ಹೊರಟವರಿಗೆ ನಾನು ಹೇಳುವುದು ಒಂದೇ. ಗೇಟು ತೆರೆಯುವ ಹೊತ್ತಿಗೆ ಹೋಗಬೇಡಿ, ಕಾರುಗಳು ಬರುವ ಹೊತ್ತಿಗೆ ಹೋಗಿ. ಸಾಲಾಗಿ ನಿಲ್ಲಿಸಿ, ಒರೆಸಿ, ಮುಂದೆ ಹಗ್ಗ ಕಟ್ಟಿದ ಮೇಲೆ ಕಾರು ಬರೀ ನೋಡುವ ವಸ್ತು ಆಗಿಬಿಡುತ್ತದೆ. ಅದಕ್ಕೂ ಮುಂಚೆ ಒಂದೊಂದೂ ತನ್ನದೇ ಸದ್ದು ಮಾಡಿಕೊಂಡು, ತನ್ನದೇ ವಾಸನೆಯ ಹೊಗೆ ಬಿಟ್ಟುಕೊಂಡು ಮೈದಾನಕ್ಕೆ ಇಳಿಯುತ್ತದಲ್ಲ, ಆಗ ನೋಡಬೇಕು.

ಈ ಸಲವೂ ಬೆಳಕು ಹರಿಯುತ್ತಿದ್ದ ಹಾಗೇ ಹೋಗಿ ನಿಂತಿದ್ದೆ. ಟ್ರೈಲರ್‌ನಿಂದ ಆಗಷ್ಟೇ ಇಳಿಸಿದ್ದ ಒಂದು ಸಿಟ್ರೊಯೆನ್ ಡಿಎಸ್ ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ಕೂತಿತ್ತು. ಅಪ್ಪನ ಜೊತೆ ಬಂದಿದ್ದ ಹುಡುಗನೊಬ್ಬ "ಅಪ್ಪಾ, ನಾಲ್ಕೂ ಟೈರ್ ಪಂಚರ್!" ಅಂದ. ಕಾರಿನವರು ಏನೂ ಹೇಳದೆ ಎಂಜಿನ್ ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತಿಗೆ ಇಡೀ ಕಾರು ನಿಧಾನವಾಗಿ ಮೇಲೆದ್ದು ನಿಂತಿತು. ಹುಡುಗ ಬಿಟ್ಟ ಬಾಯಿ ಮುಚ್ಚಲಿಲ್ಲ.

ಆಮೇಲೆ ಅವರೇ ಅವನಿಗೆ ಬಾನೆಟ್ ಎತ್ತಿ ತೋರಿಸಿದರು. ಈ ಕಾರಿನಲ್ಲಿ ಸಾಮಾನ್ಯ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರಕ್ಕೂ ಒಂದೊಂದು ಲೋಹದ ಗೋಳ ಇದೆ. ಅದರೊಳಗೆ ನೈಟ್ರೋಜನ್ ಅನಿಲ. ಎಂಜಿನ್ ಓಡಿಸುವ ಪಂಪು ಆಯಿಲನ್ನು ಒತ್ತಡದಲ್ಲಿ ತಳ್ಳಿದಾಗ ಕಾರು ಏಳುತ್ತದೆ. ಹಳ್ಳ ದಿಣ್ಣೆ ಬಂದಾಗ ಆ ಅನಿಲವೇ ಒತ್ತಿಕೊಂಡು, ಹಿಗ್ಗಿಕೊಂಡು ಧಕ್ಕೆಯನ್ನು ನುಂಗುತ್ತದೆ. ಇದನ್ನು ಸಿಟ್ರೊಯೆನ್ ಕಂಪನಿಯವರು 1955ರಲ್ಲೇ ಮಾಡಿದ್ದರು ಅಂದರೆ ನಂಬಲು ಕಷ್ಟ ಅಲ್ವಾ? 1962ರಲ್ಲಿ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಮೇಲೆ ಗುಂಡಿನ ದಾಳಿ ಆದಾಗ, ಟೈರಿಗೆ ಗುಂಡು ಬಿದ್ದರೂ ಅವರನ್ನು ಅಲ್ಲಿಂದ ಪಾರು ಮಾಡಿದ್ದು ಇಂಥದ್ದೇ ಒಂದು ಡಿಎಸ್.

ಸುಮ್ನೆ ನಿಂತ ಡಿಎಸ್ ನೋಡಿ ಇದೆಲ್ಲ ಗೊತ್ತಾಗುವುದಿಲ್ಲ. ಪಕ್ಕದ ಬೋರ್ಡಿನಲ್ಲಿ ಹೆಸರು, ವರ್ಷ, ಎಂಜಿನ್ ಅಳತೆ, ಅಷ್ಟೇ ಇರುತ್ತದೆ. ಉಳಿದದ್ದು ಕಾರಿನವರ ಬಾಯಲ್ಲಿ, ಕೈಯಲ್ಲಿ ಇರುತ್ತದೆ. ಅದಕ್ಕೇ ನಾನು ಕಾರುಗಳನ್ನು ನೋಡುವುದಕ್ಕಿಂತ ಜಾಸ್ತಿ ಹೊತ್ತು ಅವುಗಳ ಯಜಮಾನರ ಪಕ್ಕದಲ್ಲಿ ಕಳೆಯುತ್ತೇನೆ.

ಜನ ಏರುವ ಹೊತ್ತಿಗೆ ಸೂಪರ್‌ಕಾರುಗಳ ಸಾಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನನಗೆ ಅದರ ಬಗ್ಗೆ ಬೇಸರವಿಲ್ಲ. ಸಣ್ಣವರಿಗೆ ಕಾರಿನ ಹುಚ್ಚು ಹಿಡಿಯುವುದೇ ಅಲ್ಲಿ. ಆದರೆ ಹೊಸ ಸೂಪರ್‌ಕಾರನ್ನು ಯಾರು ಬೇಕಾದರೂ ಓಡಿಸಬಹುದು, ಕಂಪ್ಯೂಟರ್ ಎಲ್ಲವನ್ನೂ ಸಂಭಾಳಿಸುತ್ತದೆ. ಹಳೇ ಸೂಪರ್‌ಕಾರುಗಳು ಹಾಗಲ್ಲ. ಅಲ್ಲಿದ್ದ ಲ್ಯಾಂಬೋರ್ಗಿನಿ ಕೌಂಟಾಶ್ ಹಿಂದಕ್ಕೆ ಬರುವುದನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು. ಅದರ ಬಾಗಿಲು ಕತ್ತರಿಯ ಹಾಗೆ ಮೇಲಕ್ಕೆ ತೆರೆಯುತ್ತದೆ. ಹಿಂದಿನ ಗಾಜಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಓಡಿಸುವವರು ಬಾಗಿಲು ಎತ್ತಿ, ಪಕ್ಕದ ಅಗಲವಾದ ಕಟ್ಟೆಯ ಮೇಲೆ ಕುಂಡಿ ಊರಿ, ಅರ್ಧ ಮೈ ಹೊರಗೆ ಹಾಕಿ, ಕಾಲು ಮಾತ್ರ ಪೆಡಲ್ ಮೇಲಿಟ್ಟು, ತಿರುಗಿ ನೋಡಿಕೊಂಡು ರಿವರ್ಸ್ ತೆಗೆದುಕೊಂಡರು. ಮಾರ್ಚೆಲ್ಲೊ ಗಾಂಡಿನಿ ಗೆರೆ ಎಳೆದ ಈ ಕಾರನ್ನು 1971ರಲ್ಲಿ ಜಿನೀವಾದಲ್ಲಿ ಮೊದಲು ತೋರಿಸಿದರು. ಗೋಡೆಗೆ ಅಂಟಿಸುವ ಪೋಸ್ಟರ್‌ನಲ್ಲಿ ಆ ಕಾರು ಎಷ್ಟೋ ಸಲ ನೋಡಿದ್ದೆ. ಅದರ ಯಜಮಾನರು ಹೀಗೆ ಒದ್ದಾಡಬೇಕು ಅನ್ನುವುದು ಪೋಸ್ಟರ್‌ನಲ್ಲಿ ಇರಲಿಲ್ಲ. ನೋಡಿದ ಮೇಲೆ ಆ ಕಾರಿನ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು.

ಪಕ್ಕದಲ್ಲೇ ಕೆಂಪು ಫೆರಾರಿ ಎಫ್40 ಇತ್ತು. 1987ರ ಕಾರು. ಕಂಪನಿ ಕಟ್ಟಿದ ಎಂಜೊ ಫೆರಾರಿ ತಾವು ತೀರಿಕೊಳ್ಳುವ ಮುಂಚೆ ಒಪ್ಪಿಗೆ ಕೊಟ್ಟ ಕೊನೆಯ ಕಾರು ಅದು. ಒಳಗೆ ಕಾರ್ಪೆಟ್ ಇಲ್ಲ, ರೇಡಿಯೋ ಇಲ್ಲ. ಬಾಗಿಲಿಗೆ ಒಳಗಡೆ ಹಿಡಿ ಇಲ್ಲ, ಒಂದು ತಂತಿ ಎಳೆದರೆ ತೆರೆಯುತ್ತದೆ. ತೂಕ ಇಳಿಸಲು ಅಷ್ಟು ಹಟ. ಇಣುಕಿ ನೋಡಿದ ಎಲ್ಲರ ಮುಖದಲ್ಲೂ ಒಂದೇ ಆಶ್ಚರ್ಯ.

ನಾನು ಅವತ್ತು ಜಾಸ್ತಿ ಹೊತ್ತು ನಿಂತದ್ದು ಮೈದಾನದ ಮೂಲೆಯಲ್ಲಿದ್ದ ಒಂದು ಕಪ್ಪು ಫೋರ್ಡ್ ಮಾಡೆಲ್ ಟಿ ಹತ್ತಿರ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾದ ಕಾರು. ಲೋಕಕ್ಕೆ ಕಾರು ಓಡಿಸುವುದನ್ನು ಕಲಿಸಿದ್ದೇ ಅದು. ಆದರೆ ಇವತ್ತು ಕಾರು ಓಡಿಸಲು ಬರುವ ಯಾರನ್ನೇ ಅದರಲ್ಲಿ ಕೂರಿಸಿ, ಒಂದು ಅಡಿ ಮುಂದಕ್ಕೆ ಹೋಗಲಾರರು. ಪೆಡಲ್ ಮೂರಿವೆ, ನಿಜ. ಆದರೆ ಯಾವುದೂ ನಮಗೆ ಗೊತ್ತಿರುವ ಕೆಲಸ ಮಾಡುವುದಿಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಮೊದಲ ಗೇರ್, ಅರ್ಧ ಒತ್ತಿದರೆ ನ್ಯೂಟ್ರಲ್, ಬಿಟ್ಟರೆ ಟಾಪ್ ಗೇರ್. ನಡುವಿನದು ರಿವರ್ಸ್. ಬಲಗಡೆ ಬ್ರೇಕು. ಆಕ್ಸಿಲರೇಟರ್ ಕಾಲಿಗೆ ಸಿಗುವುದೇ ಇಲ್ಲ, ಅದು ಸ್ಟೇರಿಂಗ್ ಕೆಳಗಿನ ಒಂದು ಸಣ್ಣ ಕಡ್ಡಿ.

ಅದರ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಕೇಳಿದ್ದೇ ತಡ, ಮುಖ ಅರಳಿತು. "ಸ್ಟಾರ್ಟ್ ಮಾಡಿ ತೋರಿಸಲಾ?" ಅಂದರು. ಸುತ್ತ ಇದ್ದ ನಾಲ್ಕೈದು ಜನ ಒಟ್ಟಿಗೆ "ಹ್ಞೂಂ ಸರ್" ಅಂದೆವು.

ಮೊದಲು ಸ್ಟೇರಿಂಗ್‌ನ ಎಡಗಡೆಯ ಕಡ್ಡಿಯನ್ನು ಮೇಲಕ್ಕೆ ಸರಿಸಿದರು. ಕಿಡಿ ತಡವಾಗಿ ಹಾರುವಂತೆ ಮಾಡುವ ಕಡ್ಡಿ ಅದು. "ಇದನ್ನ ಮರೆತರೆ ಕೈ ಮುರಿಯುತ್ತೆ," ಅಂದರು. ಪಿಸ್ಟನ್ ಪೂರ್ತಿ ಮೇಲೆ ಬರುವ ಮುಂಚೆಯೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಸ್ಟಾರ್ಟ್ ಮಾಡಲು ಕಾರಿನ ಮುಂದೆ ಕೈಯಿಂದ ತಿರುಗಿಸುವ ಹ್ಯಾಂಡಲ್ ಹಿಡಿದವರ ಮಣಿಕಟ್ಟು ಆಗ ಎಷ್ಟೋ ಸಲ ಮುರಿದಿದೆ. ಅದಕ್ಕೇ ಹ್ಯಾಂಡಲ್ಲನ್ನು ಎಡಗೈಯಲ್ಲಿ ಹಿಡಿಯಬೇಕು. ಹೆಬ್ಬೆರಳನ್ನು ಸುತ್ತಬಾರದು, ಉಳಿದ ಬೆರಳುಗಳ ಜೊತೆಗೇ ಇಡಬೇಕು. ಕೆಳಕ್ಕೆ ತಳ್ಳಬಾರದು, ಮೇಲಕ್ಕೆ ಎಳೆಯಬೇಕು. ಒದ್ದರೂ ಹ್ಯಾಂಡಲ್ ಬೆರಳಿನಿಂದ ಜಾರಿ ಹೋಗಲಿ ಅಂತ. ಅವರು ಖಾಲಿ ಕೈಯಲ್ಲಿ ಹಿಡಿದು ತೋರಿಸಿದರು. ನಾವೂ ಗಾಳಿಯಲ್ಲಿ ಕೈ ಹಿಡಿದು ನೋಡಿದೆವು. ಅಲ್ಲಿದ್ದ ಒಬ್ಬ ಕಾಲೇಜು ಹುಡುಗಿಯ ಬೆರಳುಗಳನ್ನು ನೋಡಿ "ಹಾಂ, ಹಾಗೇ" ಅಂದರು.

ರೇಡಿಯೇಟರ್ ಪಕ್ಕದ ಚೋಕ್ ತಂತಿ ಎಳೆದು ಒಂದೆರಡು ಸಲ ಹ್ಯಾಂಡಲ್ ತಿರುಗಿಸಿದರು. ಆಮೇಲೆ ಸ್ವಿಚ್ ಹಾಕಿದರು. ಕಿಡಿ ಹುಟ್ಟಿಸುವ ಕಾಯಿಲ್‌ಗಳು ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿದವು. ಒಂದೇ ಎಳೆತ. ಇಡೀ ಕಾರು ಅಲುಗಾಡಿ, ಕೆಮ್ಮಿ, ಓಡಲು ಶುರು ಮಾಡಿತು. ಇಪ್ಪತ್ತು ಹಾರ್ಸ್‌ಪವರ್ ಅಷ್ಟೇ. ಆದರೂ ನಿಂತ ನೆಲ ನಡುಗುವುದು ನಮ್ಮ ಕಾಲಿಗೆ ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯವನ್ನೂ ಹೇಳಿದರು. ಇದಕ್ಕೆ ಪೆಟ್ರೋಲ್ ಪಂಪ್ ಇಲ್ಲ, ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲ್ ತಾನಾಗೇ ಇಳಿದು ಬರಬೇಕು. ಕಡಿದಾದ ಏರು ಬಂದು, ಪೆಟ್ರೋಲ್ ಕಡಿಮೆ ಇದ್ದರೆ, ಅದು ಎಂಜಿನ್‌ಗೆ ತಲುಪುವುದಿಲ್ಲ. ಆಗಿನವರು ಏನು ಮಾಡುತ್ತಿದ್ದರು? ಕಾರು ತಿರುಗಿಸಿ, ರಿವರ್ಸ್‌ನಲ್ಲೇ ಗುಡ್ಡ ಹತ್ತುತ್ತಿದ್ದರು!

ಹ್ಯಾಂಡಲ್ ಹಿಡಿಯುವ ರೀತಿಯನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಆ ಹೆಬ್ಬೆರಳು ಎಲ್ಲಿರಬೇಕು ಅನ್ನುವುದು ಇನ್ನೊಬ್ಬರ ಕೈ ನೋಡಿದಾಗಲೇ ತಲೆಗೆ ಹೋಗುವುದು. ಇಂಥದ್ದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅವರು ಹೋದ ಮೇಲೂ ಕಾರು ಇರುತ್ತದೆ, ಸ್ಟಾರ್ಟ್ ಮಾಡುವವರು ಇರುವುದಿಲ್ಲ. ಪ್ರದರ್ಶನ ಏರ್ಪಡಿಸುವವರು ದಿನಕ್ಕೆ ಒಂದು ಗಂಟೆಯಾದರೂ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುವುದಕ್ಕೆ ಮೀಸಲಿಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬಹುಮಾನ ಕೊಡುವ ಸಮಾರಂಭಕ್ಕಿಂತ ಅದು ಮುಖ್ಯ.

ಬಹುಮಾನದ ಮಾತು ಬಂತಲ್ಲ, ಅದರ ಬಗ್ಗೆಯೂ ಒಂದು ಅಭಿಪ್ರಾಯ ಇದೆ. ಈಗ ಎಷ್ಟೋ ಕಾರುಗಳನ್ನು ಕಾರ್ಖಾನೆಯಿಂದ ಬಂದಾಗ ಇದ್ದದ್ದಕ್ಕಿಂತ ಚೆನ್ನಾಗಿ ರಿಪೇರಿ ಮಾಡುತ್ತಾರೆ. ಕನ್ನಡಿಯಂಥ ಪೇಂಟ್, ಕಾರ್ಖಾನೆಯೇ ಕೊಡದಿದ್ದ ಕ್ರೋಮ್ ಹೊಳಪು. ಕೆಲಸದವರ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಹಾಗೇ ಉಳಿದ ಕಾರು. ಒಂದು ಸಲ ಉಜ್ಜಿ ತೆಗೆದ ಮೂಲ ಪೇಂಟ್ ಮತ್ತೆ ಬರುವುದಿಲ್ಲ. 1950ರಿಂದ ನಡೆಯುತ್ತಿರುವ ಅಮೆರಿಕದ ಪೆಬಲ್ ಬೀಚ್‌ನ ಹಳೇ ಕಾರುಗಳ ದೊಡ್ಡ ಸ್ಪರ್ಧೆಯಲ್ಲೂ ಈಗ ಅಂಥ ಕಾರುಗಳಿಗೆ ಬೇರೆಯೇ ವಿಭಾಗ ಇದೆ.

ಅವತ್ತು ಅಂಥದ್ದೊಂದು ಜಾಗ್ವಾರ್ ಇ-ಟೈಪ್ ಬಂದಿತ್ತು. ಮಾಲ್ಕಮ್ ಸೇಯರ್ ಅನ್ನುವವರು ಅದಕ್ಕೆ ರೂಪ ಕೊಟ್ಟಿದ್ದು. ಅದಕ್ಕೂ ಮುಂಚೆ ಅವರು ವಿಮಾನ ಕಂಪನಿಯಲ್ಲಿದ್ದವರು, ಗಾಳಿ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕಿ ಗೆರೆ ಎಳೆಯುತ್ತಿದ್ದರು. 1961ರಲ್ಲಿ ಜಿನೀವಾದಲ್ಲಿ ಜನ ಇದನ್ನು ಮೊದಲು ನೋಡಿದರು. ಈ ಕಾರಿನ ಬಾನೆಟ್ ಅಂಚಿನಲ್ಲಿ ಪೇಂಟ್ ಸವೆದು ಲೋಹ ಕಾಣುತ್ತಿತ್ತು. ಚರ್ಮದ ಸೀಟು ಬಿರುಕು ಬಿಟ್ಟಿತ್ತು. ಗೇರ್ ಹಿಡಿಯ ಮೇಲಿನ ಅಂಕಿಗಳು ಅರ್ಧ ಅಳಿಸಿದ್ದವು.

"ನಮ್ಮಪ್ಪನ ಕೈ ಅದು," ಅಂದರು ಕಾರಿನ ಒಡತಿ. "ಪಾಲಿಶ್ ಮಾಡಿಸಿ ಅಂತ ಎಲ್ಲರೂ ಹೇಳ್ತಾರೆ. ಮಾಡಿಸಿದರೆ ಇದು ಹೋಗಿಬಿಡುತ್ತೆ." ಎಂಜಿನ್ನನ್ನು ಮಾತ್ರ ಅವರು ಹಾಗೇ ಬಿಟ್ಟಿರಲಿಲ್ಲ. ಇಡೀ ಮೂತಿಯನ್ನೇ ಮುಂದಕ್ಕೆ ಬಗ್ಗಿಸಿ ತೆರೆದಾಗ ಆರು ಸಿಲಿಂಡರ್, ಮೂರು ಕಾರ್ಬ್ಯುರೇಟರ್, ಎಲ್ಲ ಚೊಕ್ಕವಾಗಿತ್ತು. ರಬ್ಬರ್ ಪೈಪುಗಳೆಲ್ಲ ಹೊಸವು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಹಳೇ ರಬ್ಬರನ್ನು ತಿಂದು ಹಾಕುತ್ತದೆ, ಸೋರಿದರೆ ಬೆಂಕಿಯ ಭಯ. ಮೈಯ ಗಾಯ ಹಾಗೇ ಇರಲಿ, ಓಡುವುದಕ್ಕೆ ಬೇಕಾದ್ದು ಸರಿಯಾಗಿರಬೇಕು ಅನ್ನುವುದು ಅವರ ನಿಯಮ. ನನಗೂ ಅದೇ ಸರಿ ಅನ್ನಿಸಿತು.

ಸಂಜೆ ಹೊರಡುವಾಗ ಟ್ರೈಲರ್ ಎಲ್ಲಿ ಅಂತ ಕೇಳಿದೆ. "ಟ್ರೈಲರ್ ಯಾಕೆ? ಓಡಿಸಿಕೊಂಡೇ ಬಂದಿದ್ದು, ಓಡಿಸಿಕೊಂಡೇ ಹೋಗ್ತೀವಿ," ಅಂದರು. ಸ್ಟೇರಿಂಗ್ ಹಿಂದೆ ಕೂತದ್ದು ಅವರ ಮಗಳು. ಆ ಕಾಲದ ಇ-ಟೈಪ್‌ನ ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಗೇರ್‌ಗಳ ವೇಗ ಹೊಂದಿಸಿ ಸದ್ದಿಲ್ಲದೆ ಸೇರಿಸುವ ಭಾಗ, ಇಲ್ಲ. ಕಾರು ಪೂರ್ತಿ ನಿಂತಿರದಿದ್ದರೆ ಹಲ್ಲು ಕಚ್ಚಿ ಸದ್ದು ಮಾಡುತ್ತದೆ. ಗೇಟಿನ ಹತ್ತಿರ ಮುಂದಿನ ಕಾರು ನಿಧಾನ ಮಾಡಿದಾಗ ಒಂದು ಸಲ ಕರಕರ ಅಂದಿತು. "ನಿಲ್ಲಿಸು, ಪೂರ್ತಿ ನಿಲ್ಲಿಸು. ಈಗ ಹಾಕು," ಅಂತ ಅಮ್ಮ ಹೇಳಿದ್ದು ತೆರೆದ ಕಿಟಕಿಯಿಂದ ಕೇಳಿಸಿತು. ಈ ಸಲ ಸದ್ದಿಲ್ಲದೆ ಗೇರ್ ಬಿತ್ತು. ಇ-ಟೈಪ್ ಬಲಕ್ಕೆ ತಿರುಗಿ ಬಸ್ಸು ಲಾರಿಗಳ ನಡುವೆ ಸೇರಿಕೊಂಡಿತು.