ನಿಯೋಗಿಗೆ ನ್ಯಾಯ ಕೊಡಿಸಲು ಮಂತ್ರಿಗಳು ಯಾಕೆ ಬೇಡ?

ಕೊಲೆಯಾದ ಕಾರ್ಮಿಕ ನಾಯಕ ಶಂಕರ್ ಗುಹಾ ನಿಯೋಗಿ ಬಗ್ಗೆ ಮಾತಾಡಿದಾಗೆಲ್ಲ ನನ್ನನ್ನು ಕೇಳುತ್ತಾರೆ: "ಅವರಿಗೆ ನ್ಯಾಯ ಸಿಗಲಿಲ್ಲ ಅಂತೀರಿ. ಹಾಗಿದ್ರೆ ಅಧಿಕಾರದಲ್ಲಿರುವ ಯಾರಾದರೂ ಮುಂದೆ ಬಂದು ಕೊಡಿಸಲಿ ಅಂತ ಯಾಕೆ ಕೇಳಲ್ಲ?"

ಅಧಿಕಾರದಲ್ಲಿದ್ದವರು ಅವರ ವಿಷಯದಲ್ಲಿ ಮುಂದೆ ಬಂದಿದ್ದೇ ಜಾಸ್ತಿ ಆಗಿತ್ತು. ಅದಕ್ಕೇ ಕೇಳಲ್ಲ.

ಛತ್ತೀಸ್‌ಗಢದ ದಲ್ಲಿ ರಾಜಹರಾದ ಕಬ್ಬಿಣದ ಗಣಿಗಳಲ್ಲಿ ಗುತ್ತಿಗೆ ಕೂಲಿಗಳ ಯೂನಿಯನ್ ಕಟ್ಟಿದವರು ನಿಯೋಗಿ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡರು. 1977ರ ಜೂನ್‌ನಲ್ಲಿ ಪೊಲೀಸರು ರಾತ್ರೋರಾತ್ರಿ ಅವರನ್ನು ಹಿಡಿದುಕೊಂಡು ಹೋದರು. ಬಿಡಿ ಅಂತ ಪಟ್ಟು ಹಿಡಿದ ಕಾರ್ಮಿಕರ ಮೇಲೆ ಗುಂಡು ಹಾರಿತು, 11 ಜನ ಸತ್ತರು. 1991ರಲ್ಲಿ, ಭಿಲಾಯಿಯ ಕಾರ್ಖಾನೆಗಳಲ್ಲಿ ಯೂನಿಯನ್ ಬೆಳೆಸುವಾಗ, ಹಳೇ ಕೇಸು ಕೆದಕಿ ಮತ್ತೆ ಒಳಗೆ ಹಾಕಿದರು. ಗಡಿಪಾರಿನ ನೋಟಿಸೂ ಬಂತು. ಜೀವಕ್ಕೆ ಅಪಾಯವಿದೆ ಅಂತ ಅವರೇ ಒಂದು ಕ್ಯಾಸೆಟ್‌ನಲ್ಲಿ ಹೇಳಿಟ್ಟಿದ್ದರು. ಆ ಸೆಪ್ಟೆಂಬರ್ 28ರ ನಸುಕಿನಲ್ಲಿ, ಮಲಗಿದ್ದವರಿಗೆ ಕಿಟಕಿಯಿಂದ ಗುಂಡು ಹೊಡೆದು ಕೊಂದರು.

1997ರಲ್ಲಿ ದುರ್ಗ್ ಕೋರ್ಟ್ ಇಬ್ಬರು ಉದ್ಯಮಿಗಳೂ ಸೇರಿ 6 ಜನರಿಗೆ ಶಿಕ್ಷೆ ಕೊಟ್ಟಿತು. ಮರುವರ್ಷ ಹೈಕೋರ್ಟ್ ಎಲ್ಲರನ್ನೂ ಬಿಟ್ಟಿತು. 2005ರಲ್ಲಿ ಸುಪ್ರೀಂ ಕೋರ್ಟ್ ಗುಂಡು ಹಾರಿಸಿದವನೊಬ್ಬನಿಗೆ ಮಾತ್ರ ಜೀವಾವಧಿ ಕೊಟ್ಟಿತು. ಬಾಡಿಗೆ ಬಂದೂಕಿನವನು ಸಿಕ್ಕ, ಬಾಡಿಗೆ ಕೊಟ್ಟವರು ಯಾರು ಅನ್ನೋದು ಸಾಬೀತಾಗಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಮಂತ್ರಿಯೊಬ್ಬರ ಫೋನಿನಿಂದ ಬರುವ ಶಿಕ್ಷೆ ನನಗೆ ಬೇಡ. ಅದೇ ಫೋನು ನಾಳೆ ಇನ್ನೊಬ್ಬ ಯೂನಿಯನ್ ಮುಖಂಡನನ್ನು ಒಳಗೆ ಹಾಕಿಸುತ್ತದೆ. ತನಿಖೆಯ ಪೊಲೀಸರನ್ನು ಬಂದೋಬಸ್ತಿನವರಿಂದ ಬೇರೆ ಮಾಡಿ, ಮುಖ್ಯ ಹುದ್ದೆಯಲ್ಲಿರುವವರನ್ನು ಸುಮ್ನೆ 2 ವರ್ಷದೊಳಗೆ ಎತ್ತಂಗಡಿ ಮಾಡಬೇಡಿ ಅಂತ 2006ರಲ್ಲಿ, ಪೊಲೀಸ್ ಸುಧಾರಣೆ ಕೇಳಿದ್ದ ಪ್ರಕಾಶ್ ಸಿಂಗ್ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ನಾವು ಜಗ್ಗಾಡಬೇಕಿರುವುದು ಇದಕ್ಕೆ.

ಗೌರವದ ವಿಷಯಕ್ಕೆ ಬಂದರೂ ಅಷ್ಟೇ. ಪ್ರತಿಮೆ, ಹಾರ, ಭಾಷಣ ಬೇಕಾ? ಯೂನಿಯನ್ನಿನ ಉಪಾಧ್ಯಕ್ಷೆಯೊಬ್ಬರು ಸರಿಯಾದ ಚಿಕಿತ್ಸೆ ಸಿಗದೆ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಹಾಗೆ ಇನ್ನೊಬ್ಬರು ಸಾಯಬಾರದು ಅಂತ ಕಾರ್ಮಿಕರು ತಮ್ಮದೇ ದುಡ್ಡು ಹಾಕಿ, ಕೈಯಾರೆ ದುಡಿದು ದಲ್ಲಿ ರಾಜಹರಾದಲ್ಲಿ ಶಹೀದ್ ಆಸ್ಪತ್ರೆ ಕಟ್ಟಿದರು. 1977ರಲ್ಲಿ ಸತ್ತವರ ನೆನಪಿಗೆ 1983ರ ಜೂನ್ 3ರಂದು ಬಾಗಿಲು ತೆರೆದರು. ಉದ್ಘಾಟನೆಗೆ ಮಂತ್ರಿ ಬರಲಿಲ್ಲ. ಒಬ್ಬ ಹಿರಿಯ ಗಣಿ ಕಾರ್ಮಿಕ, ಪಕ್ಕದ ಹಳ್ಳಿಯ ಒಬ್ಬ ರೈತ ಸೇರಿ ಮಾಡಿದರು. ನಿಯೋಗಿ ಹೆಸರಲ್ಲಿ ಏನೇ ಮಾಡುವುದಿದ್ದರೂ ಹೀಗೇ ಮಾಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.