‘ಎಸ್ಪಾನ್ಯೋಲ್’ ಸ್ಪೇನಿನಲ್ಲಿ ಹುಟ್ಟಿದ ಪದವಲ್ಲ

ಸ್ಪೇನಿನವರು ತಮ್ಮನ್ನೂ ತಮ್ಮ ಭಾಷೆಯನ್ನೂ ‘ಎಸ್ಪಾನ್ಯೋಲ್’ ಎನ್ನುತ್ತಾರೆ. ಇದರ ಬೇರು ಲ್ಯಾಟಿನ್ನಿನ ‘ಹಿಸ್ಪಾನಿಯೊಲುಸ್’, ಅಂದರೆ ಹಿಸ್ಪಾನಿಯಾದವನು (ಹಿಸ್ಪಾನಿಯಾ ಎಂಬುದು ರೋಮನ್ನರು ಆ ನಾಡಿಗೆ ಇಟ್ಟ ಹೆಸರು). ಆದರೆ ಪದ ನೇರವಾಗಿ ಇಳಿದು ಬಂದಿಲ್ಲ. ಪಿರನೀಸ್ ಬೆಟ್ಟಗಳ ಆಚೆಯ ಆಕ್ಸಿಟನ್ ಭಾಷೆಯನ್ನು, ಅಂದರೆ ದಕ್ಷಿಣ ಫ್ರಾನ್ಸಿನ ನುಡಿಯನ್ನು, ಸುತ್ತಿಕೊಂಡು ಬಂದಿದೆ. ಪದದ ಧ್ವನಿಗಳೇ ಇದಕ್ಕೆ ಸಾಕ್ಷಿ.

ಒತ್ತು ಬಿದ್ದ ಲ್ಯಾಟಿನ್ ಹ್ರಸ್ವ ‘ಒ’ ಕಾಸ್ತಿಲಿಯನ್ನಿನಲ್ಲಿ, ಅಂದರೆ ನಾವು ಸ್ಪ್ಯಾನಿಷ್ ಎನ್ನುವ ಭಾಷೆಯಲ್ಲಿ, ‘ಉಎ’ ಆಗುತ್ತದೆ: ಪೊರ್ತಾ ಪುಎರ್ತಾ (ಬಾಗಿಲು) ಆಯಿತು, ನೊವುಸ್ ನುಎವೊ (ಹೊಸ) ಆಯಿತು. ಇದೇ ಪ್ರತ್ಯಯವಿರುವ ಫಿಲಿಯೊಲುಸ್ ಕೂಡ ಇಹುಎಲೊ (ಪುಟ್ಟ ಮಗ) ಆಯಿತು. ಹಾಗಾದರೆ ನಮಗೆ ಸಿಗಬೇಕಿದ್ದದ್ದು ‘ಎಸ್ಪಾನ್ಯುಎಲೊ’.

ಇಲ್ಲಿ ಅವಸರ ಬೇಡ. ನಿಯಮ ತಪ್ಪಿದ ಪದವೆಲ್ಲ ನೆರೆಯ ಆಡುನುಡಿಯಿಂದ ಬಂದದ್ದಲ್ಲ, ಹಳೆಯ ಗ್ರಂಥಭಾಷೆಯಿಂದ ಎತ್ತಿಕೊಂಡದ್ದೂ ಇರಬಹುದು. ಕನ್ನಡದಲ್ಲಿ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಸಂಸ್ಕೃತದ ಪಾಪ, ಪತ್ರ ಮಾತ್ರ ಪಕಾರ ಬಿಡಲಿಲ್ಲ. ಹಾಗೆಯೇ ವಿದ್ವಾಂಸರು ಲ್ಯಾಟಿನ್ ಗ್ರಂಥಗಳಿಂದ ಎತ್ತಿಕೊಂಡ ಪದಗಳಲ್ಲೂ ‘ಒ’ ಒಡೆಯುವುದಿಲ್ಲ. ಆದರೆ ಅಂಥ ಪದವಾಗಿದ್ದರೆ ಕೊನೆಯ ‘ಒ’ ಉಳಿಯಬೇಕಿತ್ತು. ‘ಎಸ್ಪಾನ್ಯೋಲ್’ನಲ್ಲಿ ನಡುವಿನ ಸ್ವರ ಒಡೆದಿಲ್ಲ, ಕೊನೆಯದು ಬಿದ್ದುಹೋಗಿದೆ. ಎರಡೂ ಒಟ್ಟಿಗೆ ಸಹಜವಾಗಿ ಕೂಡುವುದು ಆಕ್ಸಿಟನ್ನಿನಲ್ಲಿ.

ಸ್ವಿಸ್ ಭಾಷಾಶಾಸ್ತ್ರಜ್ಞ ಪೌಲ್ ಎಬಿಷರ್ 1948ರಲ್ಲಿ ಈ ವಾದ ಮಂಡಿಸಿದರು. ಸ್ಪೇನಿನ ಇತಿಹಾಸಕಾರ ಅಮೆರಿಕೊ ಕಾಸ್ತ್ರೊ ಅದನ್ನು ಇತಿಹಾಸಕ್ಕೆ ಬೆಸೆದರು. ಮಧ್ಯಯುಗದಲ್ಲಿ ಐಬೀರಿಯನ್ ಪರ್ಯಾಯ ದ್ವೀಪದ (ಇಂದಿನ ಸ್ಪೇನ್, ಪೋರ್ಚುಗಲ್) ಕ್ರೈಸ್ತರಿಗೆ ‘ಕ್ರಿಸ್ತಿಯಾನೊ’ ಎಂಬ ಹೆಸರು ಸಾಕಾಗಿತ್ತು, ಇಲ್ಲವೇ ಕಾಸ್ತಿಲಿಯಾದವರು, ಲಿಯೋನಿನವರು, ಅರಗೋನಿನವರು ಎಂದು ಗುರುತಿಸಿಕೊಳ್ಳುತ್ತಿದ್ದರು. ಎಲ್ಲರನ್ನೂ ಒಂದೇ ಹೆಸರಿನಲ್ಲಿ ಕರೆಯುವ ಅಗತ್ಯ ಹೊರಗಿನವರಿಗಿತ್ತು. ವಾಯವ್ಯ ಸ್ಪೇನಿನ ಕ್ರೈಸ್ತ ಕ್ಷೇತ್ರ ಸಾಂತಿಯಾಗೊದ ಯಾತ್ರೆಯ ದಾರಿ ಹಿಡಿದು ಬಂದು ನೆಲೆಸಿದ ಫ್ರಾನ್ಸಿನ ಜನರ ಬಾಯಲ್ಲಿ ಪದ ಒಳಬಂದಿರುವುದು ನನಗೆ ಬಹಳ ಸಂಭವನೀಯವಾಗಿ ಕಾಣುತ್ತದೆ.

ಎದುರು ವಾದವೂ ಹಗುರವಲ್ಲ. 13ನೇ ಶತಮಾನದ ಫೆರ್ನಾನ್ ಗೊನ್ಸಾಲೆಸ್ ಕಾವ್ಯದಲ್ಲಿ ‘ಎಸ್ಪಾನ್ಯೋನ್’ ಎಂಬ ರೂಪವಿದೆ. ಅದರಲ್ಲಿ ಎರಡು ಅನುನಾಸಿಕಗಳು ಹತ್ತಿರವಿದ್ದುದರಿಂದ ಕೊನೆಯ ‘ನ್’ ‘ಲ್’ ಆಯಿತು ಎಂದು ಸ್ಪೇನಿನ ಭಾಷಾವಿದ್ವಾಂಸ ಮೆನೆಂದೆಸ್ ಪಿದಾಲ್ ಊಹಿಸಿದ್ದರು. ಬಾರ್ಸಿನೊನಾ ಬಾರ್ಸೆಲೋನಾ ಆದದ್ದು ಹೀಗೆಯೇ. ಆದರೂ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಇಂದು ಕೊಡುವ ವ್ಯುತ್ಪತ್ತಿ ಆಕ್ಸಿಟನ್ನಿನದೇ.

ಭಾಷೆಯ ಹೆಸರಾಗಿ ಇದು ನೆಲೆಯೂರಿದ ಬಗೆ ಬೇರೆ. 1492ರಲ್ಲಿ ಸ್ಪೇನಿನ ವಿದ್ವಾಂಸ ನೆಬ್ರಿಹಾ ಬರೆದದ್ದು ‘ಕಾಸ್ತಿಲಿಯನ್’ ಭಾಷೆಯ ವ್ಯಾಕರಣ. ಅಕಾಡೆಮಿ ತನ್ನ ನಿಘಂಟಿನ ಶೀರ್ಷಿಕೆಯಲ್ಲಿ ‘ಎಸ್ಪಾನ್ಯೋಲಾ’ ಎಂದು ಬದಲಿಸಿದ್ದು 1925ರಲ್ಲಿ. 1978ರ ಸಂವಿಧಾನದಲ್ಲಿ ಅಧಿಕೃತ ಭಾಷೆಯ ಹೆಸರು ಈಗಲೂ ‘ಕಾಸ್ತೆಯಾನೊ’, ಅಂದರೆ ಕಾಸ್ತಿಲಿಯನ್.